ಎರಿ ನೆಲದ ಮೇಲೆ ಗುಮ್ಮಟ

ಗೌಂಡಿ ಕೆಲಸ ಗೊತ್ತಿಲ್ಲದವರೂ ಗುಮ್ಮಟದ ಮನೆ ಕಟ್ಟಿಕೊಳ್ಳಬಹುದು ಎಂಬ ಮಾತಿಗೆ ಬಲ ಬಂದದ್ದು ಇರಾನ್ ಮೂಲದ ವಾಸ್ತುಶಿಲ್ಪಿ ನಾದರ್ ಖಲೀಲಿಯಿಂದ. ಉದ್ದನೆಯ ಚೀಲಕ್ಕೆ ಹಸಿಮಣ್ಣು ತುಂಬಿ, ಸುತ್ತು ಸುತ್ತಾಗಿ ಪೇರಿಸಿ, ಸುತ್ತುಗಳ ನಡುವೆ ಮುಳ್ಳುತಂತಿ ಹಾಸುತ್ತ ಒಳಬಾಗಿಸಿಕೊಂಡು ಹೋಗುವ ಅವರ ಪದ್ಧತಿ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೆಸ್ಪೀರಿಯಾದಲ್ಲಿ ಭೂಕಂಪದ ಪರೀಕ್ಷೆಯನ್ನೂ ಗೆದ್ದಿತು. ತೊಲೆ ಬೇಡ, ಜಂತಿ ಬೇಡ, ಕಬ್ಬಿಣದ ಸರಳೂ ಬೇಡ. ಈ ಹೊಗಳಿಕೆಯಲ್ಲಿ ಸುಳ್ಳಿಲ್ಲ. ಆದರೆ ಹೆಸ್ಪೀರಿಯಾ ಇರುವುದು ಮೊಹಾವಿ ಮರುಭೂಮಿಯಲ್ಲಿ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಸೀಮೆಯಲ್ಲಿ ಎರಿಯೂ ಇದೆ, ಮಸಾರಿಯೂ ಇದೆ, ಮುಂಗಾರೂ ಇದೆ. ಪ್ರಶ್ನೆ ಇರುವುದು ಆಕಾರದ್ದಲ್ಲ, ನೆಲದ್ದು.

ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಚೌಕದ ಮನೆಯ ಒಂದು ಮೂಲೆ ಕುಸಿದರೆ ಗೋಡೆಯಲ್ಲೊಂದು ಬಿರುಕು ಕಾಣುತ್ತದೆ. ಜಂತಿ ಬದಲಿಸಿ, ಗೋಡೆ ಮೆತ್ತಿ ಬದುಕಬಹುದು. ಗುಮ್ಮಟದಲ್ಲಿ ಹಾಗಲ್ಲ. ಅರ್ಧಗೋಳದ ಗುಮ್ಮಟ ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿದ ಮೇಲೆ ಹೊರಕ್ಕೆ ಸೀಳಿಕೊಳ್ಳಲು ನೋಡುತ್ತದೆ, ಮಣ್ಣಿಗೋ ಆ ಎಳೆತ ತಾಳುವ ಶಕ್ತಿ ಇಲ್ಲ. ಖಲೀಲಿಯ ಮೊನಚು ಆಕಾರ ಎಳೆತವನ್ನು ತಗ್ಗಿಸುತ್ತದೆ, ಉಳಿದದ್ದನ್ನು ಮುಳ್ಳುತಂತಿ ಹಿಡಿಯುತ್ತದೆ, ನಿಜ. ಆದರೂ ಬುಡದ ಸುತ್ತು ಸಮನಾಗಿ ಕೂತಿರಲೇಬೇಕು. ಹೊಸಬ ತಪ್ಪುವುದು ಅಲ್ಲೇ, ಮೊದಲ ದಿನವೇ; ಆ ತಪ್ಪು ಹೊರಬೀಳುವುದು ನೆತ್ತಿ ಮುಚ್ಚಿದ ಮೇಲೆ. ವಿಜಯಪುರದ ಗೋಳಗುಮ್ಮಟ 1656ರಿಂದ ನಿಂತಿಲ್ಲವೇ ಎನ್ನುವವರಿದ್ದಾರೆ. ಅದು ನಿಂತಿರುವುದು ಸುಮಾರು 3 ಮೀಟರ್ ದಪ್ಪದ ಗೋಡೆಗಳ ಮೇಲೆ, ಒಂದನ್ನೊಂದು ಹೆಣೆದುಕೊಂಡ ಕಮಾನುಗಳ ಮೇಲೆ, ಪಳಗಿದ ಕೈಗಳ ಗಾರೆಯಲ್ಲಿ. ಅನನುಭವಿಯ ಪರವಾಗಿ ಅದು ಸಾಕ್ಷಿ ಹೇಳಲಾರದು.

ಮಣ್ಣಿನ ಮಾಳಿಗೆ ಮಾತ್ರ ಉಳಿಯಿತೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 2019ರ ಆಗಸ್ಟ್ ಮಳೆಗೆ ಹಾವೇರಿ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಬಿದ್ದವು. ಸವಳು ಮಣ್ಣು ಹಾಸಿದ ಮಾಳಿಗೆಯನ್ನು ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳದಿದ್ದರೆ ಸೋರುತ್ತದೆ. ಒಪ್ಪೋಣ. ಆದರೆ ಮಾಳಿಗೆ ಹತ್ತಿ ಓಡಾಡಬಹುದು, ಎಲ್ಲಿ ಸೋರಿತೋ ಅಲ್ಲಿಗೆ ಒಂದು ಬುಟ್ಟಿ ಮಣ್ಣು ಹಾಕಬಹುದು, ಮೆಣಸಿನಕಾಯಿಯನ್ನೂ ಒಣಗಿಸಬಹುದು. ಗುಮ್ಮಟದ ಬೆನ್ನು ಇದ್ಯಾವುದಕ್ಕೂ ಒದಗದು. ಪ್ಲಾಸ್ಟಿಕ್ ಚೀಲವಂತೂ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ, ಗಿಲಾವು ತಡವಾದರೆ ಕೆಲಸ ಕೆಟ್ಟಿತು. ಅಮೆರಿಕದ ಲಾಯ್ಡ್ ಕಾನ್ 1970 ಮತ್ತು 1971ರಲ್ಲಿ ಗುಮ್ಮಟ ಕಟ್ಟುವ ಕೈಪಿಡಿಗಳನ್ನು ತಂದು, ಒಂದೆರಡು ವರ್ಷಗಳಲ್ಲೇ ಅವನ್ನು ಕೈಬಿಟ್ಟರು: ಕೀಲುಗಳು ಸೋರುತ್ತವೆ, ದುಂಡು ಗೋಡೆಗೆ ಕಪಾಟು ಒರಗುವುದಿಲ್ಲ. ಅವರದು ತ್ರಿಕೋನಗಳನ್ನು ಜೋಡಿಸಿದ ಗುಮ್ಮಟ; ಸೋರಿಕೆಯ ಕಾರಣ ಬೇರೆ, ಕಪಾಟಿನ ಗೋಳು ಮಾತ್ರ ಒಂದೇ.

ಹಾಗೆಂದು ದುಂಡಗಿನದ್ದು ಇಲ್ಲಿಗೆ ಪರಕೀಯವಲ್ಲ. ಬಣವೆಯ ನೆತ್ತಿಯನ್ನು ದುಂಡಗೆ ಒಟ್ಟುವುದು ಮಳೆನೀರು ಜಾರಲೆಂದೇ. ಕಾಳು ತುಂಬುವ ಹಗೇವಿನ ಹೊಟ್ಟೆಯೂ ಬಾಗಿದ್ದೇ. ಅದನ್ನು ತೋಡುವಾಗ ಮೊದಲು ಹುಡುಕುತ್ತಿದ್ದದ್ದು ನೀರು ನಿಲ್ಲದ ಗಟ್ಟಿ ನೆಲ. ಮೇಡ್ಲೇರಿಯಲ್ಲಿ ಹೊಸಬರೊಬ್ಬರು ಗುಮ್ಮಟಕ್ಕೆ ಕೈಹಾಕುವುದಾದರೆ ಮಸಾರಿಯ ದಿಬ್ಬದಲ್ಲಿ, ಗರಸು ತುಂಬಿದ ತಳಪಾಯದ ಮೇಲೆ, 3 ಮೀಟರ್ ಅಗಲದ ಹೊಟ್ಟಿನ ಕೋಣೆಯೊಂದನ್ನು ಕಟ್ಟಲಿ. ಒಂದು ಮುಂಗಾರು, ಒಂದು ಹಿಂಗಾರು ಅದರ ಮೇಲೆ ಸುರಿಯಲಿ. ಮಲಗುವ ಕೋಣೆಯ ಲೆಕ್ಕ ಆಮೇಲೆ.