ಅನುಭವ ಮಂಟಪವೂ ಗ್ರಾಮಸಭೆಯೂ

ಹನ್ನೆರಡನೆಯ ಶತಮಾನದ ಅನುಭವ ಮಂಟಪವು ಜಗತ್ತಿನ ಪ್ರಥಮ ಸಂಸತ್ತು ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅಭಿಮಾನದ ಈ ಮಾತನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಶರಣರಿಗೆ ಮಾಡುವ ಅಗೌರವವಲ್ಲ. ಪ್ರಶ್ನೆಗೆ ಅಂಜದಿರುವುದನ್ನು ಕಲಿಸಿದವರೇ ಅವರು.

ಮಂಟಪದ ಕಲಾಪಗಳ ವಿಸ್ತಾರವಾದ ಚಿತ್ರ ನಮಗೆ ದೊರೆಯುವುದು ಶೂನ್ಯಸಂಪಾದನೆಗಳಲ್ಲಿ. ಇವುಗಳಲ್ಲಿ ಮೊದಲನೆಯದಾದ ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯು ಹದಿನೈದನೆಯ ಶತಮಾನದ್ದು. ಬಸವಣ್ಣನವರ ಕಾಲಕ್ಕೂ ಇದಕ್ಕೂ ಸುಮಾರು ಮೂರು ಶತಮಾನಗಳ ಅಂತರವಿದೆ. ಆದುದರಿಂದ ಅದನ್ನು ಸಭೆಯ ನಡಾವಳಿಯ ಪುಸ್ತಕವೆಂದು ಓದಲಾಗದು. ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿದ ಮಹತ್ತಾದ ಸಾಹಿತ್ಯಕೃತಿಯೆಂದೇ ಓದಬೇಕು. ಅಲ್ಲಿ ಮತಗಣನೆಯಿಲ್ಲ, ಬಹುಮತದ ನಿರ್ಣಯವಿಲ್ಲ. ಪ್ರವೇಶಕ್ಕೆ ಶರಣತತ್ತ್ವದ ಅಂಗೀಕಾರ ಬೇಕು. ಪ್ರಜಾಸತ್ತೆಯಲ್ಲಾದರೋ ಪೌರತ್ವಕ್ಕೆ ಯಾವ ನಂಬಿಕೆಯ ಪರೀಕ್ಷೆಯೂ ಸಲ್ಲದು. ಹೀಗಿರುವಾಗ ಎರಡನ್ನೂ ಒಂದೇ ಎನ್ನುವುದು ಎರಡಕ್ಕೂ ನ್ಯಾಯವಾಗದು.

ಹಾಗಾದರೆ ಹೋಲಿಕೆಯಲ್ಲಿ ಹುರುಳಿಲ್ಲವೆ? ಇದೆ, ಆದರೆ ಅದು ಬೇರೆಡೆ ಇದೆ. ಶೂನ್ಯಸಂಪಾದನೆಯ ಮಂಟಪದಲ್ಲಿ ಉತ್ತರ ಹೇಳುವ ಹೊಣೆಯಿಂದ ಯಾರೂ ಮುಕ್ತರಲ್ಲ. ಅಕ್ಕಮಹಾದೇವಿಯು ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳಿಗೆ ತನ್ನ ಬಾಯಿಂದಲೇ ಉತ್ತರಿಸುತ್ತಾಳೆ. ಆಯ್ದಕ್ಕಿ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತಾಗ ಕಾಯಕವನ್ನು ನೆನಪಿಸುವವಳು ಅವನ ಸತಿ ಲಕ್ಕಮ್ಮ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಿರುಗಿಸೆಂದವಳೂ ಅವಳೇ.

ಈ ಬೆಳಕಿನಲ್ಲಿ ಮದ್ದೂರು ಸೀಮೆಯನ್ನು ನೋಡೋಣ. 1881ರಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಆದರೆ ಅದಕ್ಕೆ ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವಿರಲಿಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯ ಅಧಿವೇಶನದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜವೇರಿದುದು ಆ ಕೊರತೆಗೆ ಜನರು ಕೊಟ್ಟ ಉತ್ತರ. ಅದೇ ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಜನಿಸಿದ ಎಸ್. ಎಂ. ಕೃಷ್ಣ ಅವರು 1962ರಲ್ಲಿ ಪಕ್ಷದ ಆಸರೆಯಿಲ್ಲದೆ ಸ್ವತಂತ್ರ ಅಭ್ಯರ್ಥಿಯಾಗಿ ಮದ್ದೂರಿನಿಂದ ವಿಧಾನಸಭೆಗೆ ಆಯ್ಕೆಯಾದರು, 1999ರಲ್ಲಿ ಮುಖ್ಯಮಂತ್ರಿಯಾದರು. ಒಂದು ಹಳ್ಳಿಯಿಂದ ರಾಜಧಾನಿಗೆ ಹೋಗುವ ದಾರಿಯನ್ನು ಮತಪೆಟ್ಟಿಗೆ ತೆರೆಯಿತೆಂಬುದಕ್ಕೆ ಇದು ಸಾಕ್ಷಿ.

ಆದರೆ ಹಳ್ಳಿಯಿಂದ ಒಬ್ಬರು ಮೇಲೇರುವುದೂ ಹಳ್ಳಿಯೇ ಮಾತನಾಡುವುದೂ ಒಂದೇ ಅಲ್ಲ. ಎರಡನೆಯದಕ್ಕಾಗಿ ಕರ್ನಾಟಕವು 1983ರ ಶಾಸನದ ಮೂಲಕ ಸ್ತ್ರೀಯರಿಗೆ ಶೇಕಡಾ 25 ಸ್ಥಾನಗಳನ್ನು ಕಾದಿರಿಸಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದ ಮನ್ನಣೆ ನೀಡಿತು. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಅಲ್ಲಿ ಲೆಕ್ಕ ಕೇಳಬಹುದು, ಫಲಾನುಭವಿಗಳ ಆಯ್ಕೆಯನ್ನು ಪ್ರಶ್ನಿಸಬಹುದು. ಮಂಟಪದ ನಿಜವಾದ ಸೋದರಿ ದೆಹಲಿಯ ಸಂಸತ್ತಲ್ಲ, ಈ ಗ್ರಾಮಸಭೆ.

ಇಲ್ಲಿಯೇ ನಮ್ಮ ಅಭಿಮಾನದ ಪರೀಕ್ಷೆ. ಚುನಾಯಿತಳಾದ ಸ್ತ್ರೀಯ ಪರವಾಗಿ ಪತಿಯೇ ಸಭೆಯಲ್ಲಿ ಕುಳಿತು ಮಾತನಾಡುವ ರೂಢಿ ಹಲವೆಡೆ ಕಂಡುಬರುತ್ತದೆ. ಲಕ್ಕಮ್ಮನನ್ನು ಕೊಂಡಾಡುವ ನಾಲಗೆ ಆಕೆಗೆ ಮೌನವನ್ನು ವಿಧಿಸಿದರೆ ಆ ಕೊಂಡಾಟಕ್ಕೆ ಬೆಲೆಯೇನು? ಜನರು ಬಾರದೆ ಕೇವಲ ಸಹಿಗಳಿಂದ ಸಭೆ ಪೂರೈಸಿದರೆ, ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ.

ಮತ ಹಾಕುವುದು ಐದು ವರ್ಷಕ್ಕೊಮ್ಮೆಯ ಕರ್ಮ. ಪ್ರಶ್ನಿಸುವುದೂ ಉತ್ತರಿಸುವುದೂ ನಿತ್ಯದ ಕಾಯಕ. ಅನುಭವ ಮಂಟಪವು ಜಗತ್ತಿಗೆ ಮೊದಲನೆಯದೇ ಎಂಬ ವಾದವನ್ನು ಬದಿಗಿರಿಸಿ, ನಮ್ಮೂರಿನ ಮುಂದಿನ ಗ್ರಾಮಸಭೆ ಎಂದು ನಡೆಯುತ್ತದೆಂದು ವಿಚಾರಿಸುವುದು ಲೇಸು.