ಚಿನ್ನ, ಬೇಟೆ, ಕಾಫಿ: ಬರೆದವರು ಯಾರು, ಬೆವರಿದವರು ಯಾರು?

ದೊರೆ ವಲಸೆ ಬಂದರೆ ಅದು ಸಾಹಸ. ಕೂಲಿಯವ ವಲಸೆ ಹೋದರೆ ಅದು ಗುಳೆ. ಒಂದೇ ನಡಿಗೆಗೆ ಎರಡು ಹೆಸರು. ಸಾಹಸಕ್ಕೆ ರಟ್ಟು ಕಟ್ಟಿದ ಪುಸ್ತಕವಿದೆ, ಬಂಗಲೆಯ ಗೋಡೆಯ ಮೇಲೆ ಪಟವಿದೆ. ಗುಳೆಗೆ ಇರುವುದು ಹಾಜರಿ ಪಟ್ಟಿ ಒಂದೇ. ಕಾಫಿ ತೋಟದ ಮನೆತನಗಳ ಚರಿತ್ರೆಯನ್ನು ಓದುವಾಗ ನಾವು ಈ ಎರಡು ಹೆಸರುಗಳನ್ನು ಎದುರಿಗಿಟ್ಟುಕೊಂಡೇ ಓದಬೇಕು.

ಕರೋಶಿಯಲ್ಲಿ ಕೂತವರಿಗೆ ಕಾಫಿಯ ಉಸಾಬರಿ ಯಾಕ್ರಿ ಅಂತ ಯಾರಾದರೂ ಕೇಳಬಹುದು. ನಮ್ಮದು ಚಹಾ ಕುಡಿಯೋ ಸೀಮೆ, ತಂಬಾಕು ಕಬ್ಬು ಬೆಳೆಯೋ ಸೀಮೆ. ಖರೆ. ಆದರೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅವ್ವನ ಬೆರಳೂ ಸಕಲೇಶಪುರದಲ್ಲಿ ಕಾಫಿ ಹಣ್ಣು ಬಿಡಿಸುವ ಅಕ್ಕನ ಬೆರಳೂ ಒಂದೇ ಲೆಕ್ಕದ ಪುಸ್ತಕದಲ್ಲಿ ಕಾಣೆಯಾಗಿವೆ. ಆ ಲೆಕ್ಕದ ಪುಸ್ತಕವನ್ನು ಓದೋದು ನಮ್ಮ ಕೆಲಸವೇ.

ನಾವು ಇಲ್ಲಿ ಕೈಗೆತ್ತಿಕೊಂಡಿರುವುದು ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ತೋಟಗಾರ ಬರೆದು 1894ರಲ್ಲಿ ಪ್ರಕಟವಾದ ಪುಸ್ತಕ. 1850ರ ದಶಕದ ನಡುವೆ ಈತ ಮೈಸೂರು ಸೀಮೆಯ ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರದ ಕಡೆಗೆ ಬಂದ. ಕಾಡು ಕಡಿಸಿ ಕಾಫಿ ಹಾಕಿಸಿದ. 38 ವರ್ಷದ ಅನುಭವವನ್ನು ಪುಸ್ತಕ ಮಾಡಿದ. ಅದರ ಹೆಸರೇ ಒಂದು ಗೇಣು ಉದ್ದ: ಮೈಸೂರಿನಲ್ಲಿ ಚಿನ್ನ, ಬೇಟೆ ಮತ್ತು ಕಾಫಿ ಬೇಸಾಯ, ಜೊತೆಗೆ ಕೊಡಗಿನ ಕಾಫಿ, ಮೈಸೂರು ಪ್ರಜಾಪ್ರತಿನಿಧಿ ಸಭೆ, ಕಾಂಗ್ರೆಸ್ಸು, ಜಾತಿ, ಬೆಳ್ಳಿಯ ಪ್ರಶ್ನೆ. ಇಷ್ಟು ಉದ್ದದ ಹೆಸರಿನಲ್ಲಿ ಕೂಲಿ ಎಂಬ ಮಾತಿಲ್ಲ. ಜಾತಿ ಎಂಬ ಮಾತಿದೆ. ನಮ್ಮ ವಿಮರ್ಶೆಗೆ ಇಷ್ಟು ಸಾಕು, ಇಲ್ಲಿಂದಲೇ ಹೊರಡೋಣ.

ಜಾತಿಯ ಬಗ್ಗೆ ಈ ಸಾಹೇಬ ಹೇಳುವುದೇನು? ಜಾತಿಯಿಂದ ಹಳ್ಳಿಗೆ ಒಳ್ಳೆಯದಾಗಿದೆ ಅಂತಾನೆ. ಜಾತಿಯ ಕಟ್ಟು ಒಕ್ಕಲು ಮಂದಿಯನ್ನು ಕುಡಿತದಿಂದ, ಹಾದರದಿಂದ ಕಾಪಾಡಿದೆಯಂತೆ. ಕ್ರೈಸ್ತರಾಗುವವರಿಗೆ ಮಿಶನರಿಗಳು ಜಾತಿ ಬಿಡಿರಿ ಎಂದು ಹೇಳುವುದು ತಪ್ಪಂತೆ. ಸಾಹೇಬರು ಬಂದರು, ಜಾತಿ ಒಡೆಯಿತು ಎಂದು ನಂಬುವ ಗೆಳೆಯರು ನಮ್ಮಲ್ಲಿಯೂ ಇದ್ದಾರೆ. ಅವರು ಈ ಅಧ್ಯಾಯ ಓದಬೇಕು. ತೋಟಕ್ಕೆ ಆಳು ಬೇಕಾದವನಿಗೆ ಆಳಾಗಿಯೇ ಹುಟ್ಟುವ ಮಂದಿ ಇರುವ ಊರು ಕೆಟ್ಟದ್ದು ಅನಿಸುವುದಿಲ್ಲ. ಕಡಲಾಚೆಯಿಂದ ಬಂದವನು ಮನುವಿನ ಜೊತೆ ಜಗಳಾಡಲಿಲ್ಲ, ರಾಜಿ ಮಾಡಿಕೊಂಡ.

ಆ ಊರು ಎಂಥಾದ್ದು? ಮಂಜರಾಬಾದಿನಲ್ಲಿ ಹೊಲೆಯರಿಗೆ ಎರಡು ಹೆಸರಿದ್ದವು: ಹುಟ್ಟಾಳು, ಮಣ್ಣಾಳು. ಹುಟ್ಟಾಳು ಅಂದರೆ ಒಡೆಯನ ಮನೆಗೆ ಹುಟ್ಟಿನಿಂದಲೇ ಆಳು. ಮಣ್ಣಾಳು ಅಂದರೆ ಮಣ್ಣಿಗೆ ಅಂಟಿದ ಆಳು. ಹೊಲದ ಜೊತೆಗೆ ಹೋಗುವವನು, ಎತ್ತಿನ ಹಾಗೆ. ಇದನ್ನು ಸಾಹೇಬರು ಕಟ್ಟಿದ್ದಲ್ಲ, ನಮ್ಮವರೇ ಕಟ್ಟಿದ್ದು. ಈ ಮಾತನ್ನು ಮುಚ್ಚಿಟ್ಟು ಬರೀ ವಸಾಹತುಶಾಹಿಯನ್ನು ಬೈದರೆ ಅದು ಅರ್ಧ ಸತ್ಯ. ಇನ್ನರ್ಧ ಸತ್ಯವೂ ಇದೆ. ತೋಟದಲ್ಲಿ ರೊಕ್ಕದ ಕೂಲಿ ಸಿಕ್ಕಾಗ ಕೆಲವರಿಗೆ ಒಡೆಯನ ಹಟ್ಟಿಯಿಂದ ಹೊರಗೆ ಕಾಲಿಡಲು ಒಂದು ದಾರಿ ಕಂಡಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ದಾರಿಯ ಬಾಯಲ್ಲಿ ಮೇಸ್ತ್ರಿ ನಿಂತಿದ್ದ, ಕೈಯಲ್ಲಿ ಮುಂಗಡ ಹಿಡಿದು. 1859ರ 13ನೇ ಕಾಯ್ದೆ ಅವನ ಬೆನ್ನಿಗಿತ್ತು. ಮುಂಗಡ ತಗೊಂಡು ಕೆಲಸಕ್ಕೆ ಬರದ ಆಳನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬಹುದು, ಅವನ ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಧನಿ ಮಾತು ತಪ್ಪಿದರೆ? ಅವನಿಗೆ ಈ ಕಾಯ್ದೆಯಲ್ಲಿ ಸಜೆ ಇರಲಿಲ್ಲ. 1925ರಲ್ಲಿ ಈ ಕಾಯ್ದೆಯನ್ನು ತೆಗೆದುಹಾಕುವ ತೀರ್ಮಾನವಾದ ಮೇಲೂ ಕೊಡಗಿನ ತೋಟಗಳಿಗಾಗಿ 1926ರಲ್ಲಿ ಬೇರೆ ಕಾಯ್ದೆ ಬಂತು. ಮಣ್ಣಿನ ಹಗ್ಗ ಬಿಚ್ಚಿ ಕಾಗದದ ಹಗ್ಗ ಬಿಗಿದರು.

ಇನ್ನು ಬೆಳ್ಳಿಯ ಪ್ರಶ್ನೆ. ಇದು ಅರ್ಥಶಾಸ್ತ್ರದವರ ಒಣ ಚರ್ಚೆ ಎಂದು ಪುಟ ತಿರುವಿಬಿಟ್ಟರೆ ಕೆಟ್ಟೆವು. ಆಗ ರೂಪಾಯಿ ಬೆಳ್ಳಿಯದು, ಇಂಗ್ಲೆಂಡಿನ ಪೌಂಡು ಚಿನ್ನದ್ದು. ಕಾಫಿ ಲಂಡನ್ನಿನಲ್ಲಿ ಪೌಂಡಿಗೆ ಮಾರಾಟವಾಗುತ್ತಿತ್ತು. ಕೂಲಿ ಮಾತ್ರ ಇಲ್ಲಿ ರೂಪಾಯಿಯಲ್ಲಿ. ಬೆಳ್ಳಿಯ ಬೆಲೆ ಇಳಿದಷ್ಟೂ ಒಂದು ಪೌಂಡಿಗೆ ಹೆಚ್ಚು ರೂಪಾಯಿ. ಕೂಲಿ ಮಾತ್ರ ಅದೇ ವೇಗದಲ್ಲಿ ಏರುವುದಿಲ್ಲ. ನಡುವಿನ ಅಂತರ ತೋಟದವನ ಜೇಬಿಗೆ. 1893ರಲ್ಲಿ ಸರಕಾರ ಯಾರು ಬೆಳ್ಳಿ ತಂದರೂ ನಾಣ್ಯ ಹೊಡೆದುಕೊಡುವ ಪದ್ಧತಿ ನಿಲ್ಲಿಸಿದಾಗ ತೋಟಗಾರರಿಗೆ ಉರಿ ಹತ್ತಿದ್ದು ಇದಕ್ಕೇ. ಅಂದರೆ ಪುಸ್ತಕದ ಹೆಸರಿನಲ್ಲಿ ಕೂಲಿ ಇಲ್ಲ ಅಂದೆವಲ್ಲ, ಇದೆ. ಬೆಳ್ಳಿ ಎಂಬ ವೇಷದಲ್ಲಿದೆ.

ಹಾಗೆ ನೋಡಿದರೆ ಆ ಮೂರು ದೊಡ್ಡ ಮಾತುಗಳ ಒಳಗೂ ನಮ್ಮವರೇ ಇದ್ದಾರೆ. ಚಿನ್ನ ಅಂದರೆ ಕೋಲಾರದ ಗಣಿ. ಅದರ ಪಾತಾಳಕ್ಕೆ ಇಳಿದವರಲ್ಲಿ ತಮಿಳು ಸೀಮೆಯ ದಲಿತರೇ ಹೆಚ್ಚು. 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರ ಮಕ್ಕಳೇ. ಬೇಟೆ ಅಂದರೆ ಹುಲಿಯನ್ನು ಬಂದೂಕಿನ ಬಾಯಿಗೆ ಅಟ್ಟುವುದು; ಪೊದೆ ಬಡಿಯುತ್ತ ಮುಂದೆ ಹೋಗುವವನ ಕೈಯಲ್ಲಿ ಬಂದೂಕಿಲ್ಲ. ಕಾಫಿ ಅಂದರೆ ಚಳಿಯಲ್ಲಿ ಹಣ್ಣು ಕೊಯ್ಯುವ ಹೆಂಗಸರ ಸಾಲು.

ಎಲಿಯಟ್ ದಡ್ಡನಲ್ಲ. ಮಲೆನಾಡಿನ ಕಾಫಿ ಉಳಿಯಬೇಕಾದರೆ ನೆರಳಿನ ಮರ ಉಳಿಯಬೇಕು ಎಂದು ಒತ್ತಿ ಹೇಳಿದವನು. ಗೊಬ್ಬರದ ಬಗ್ಗೆ ಪುಟಗಟ್ಟಲೆ ಬರೆದವನು. ಸ್ಕಾಟ್ಲೆಂಡಿನ ತನ್ನ ಕ್ಲಿಫ್ಟನ್ ಪಾರ್ಕಿನ ಜಮೀನಿನಲ್ಲಿ ಆಳಕ್ಕೆ ಬೇರಿಳಿಸುವ ಹುಲ್ಲುಗಳನ್ನು ಬೆಳೆದು ಮಣ್ಣಿಗೆ ಸತ್ವ ತುಂಬಿದ ಪ್ರಯೋಗಕ್ಕೆ ಇಂದಿಗೂ ಸಾವಯವದವರಲ್ಲಿ ಹೆಸರಿದೆ. ಹುಲ್ಲಿನ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಬಗೆದು ನೋಡಿದ ಕಣ್ಣು, ಜಾತಿಯ ಬೇರು ಮನುಷ್ಯನ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲಿಲ್ಲ. ಜಾಣತನ ಇತ್ತು. ನಿಂತ ಜಾಗ ಬಂಗಲೆಯ ಜಗುಲಿಯಾಗಿತ್ತು.

ಇದೇ ಮಲೆನಾಡನ್ನು ಕನ್ನಡ ಹೇಗೆ ಕಂಡಿತು? ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಕತೆ ನಡೆಯುವುದು ತೀರ್ಥಹಳ್ಳಿ ಕಡೆ, ಕಾಲ ವಿವೇಕಾನಂದರು ಶಿಕಾಗೋಕ್ಕೆ ಹೋದ 1893ರ ಆಸುಪಾಸು. ಎಲಿಯಟ್ಟನ ಪುಸ್ತಕವೂ ಆ ಹೊತ್ತಿನದೇ. ಒಂದೇ ಮಳೆ, ಒಂದೇ ಕಾಡು. ಆದರೆ ಕುವೆಂಪು ಕತೆಯ ಬಾಗಿಲು ತೆಗೆಯುವುದು ಹೊಲೆಯರ ನಾಯಿಗುತ್ತಿಯಿಂದ. ಅವನಿಗೆ ಹೆಸರಿದೆ, ಪ್ರೀತಿಯಿದೆ, ಹುಲಿಯ ಎಂಬ ನಾಯಿಯಿದೆ, ಒಡೆಯರ ಕಣ್ಣು ತಪ್ಪಿಸಿ ಓಡುವ ಎದೆಗಾರಿಕೆಯಿದೆ. ಜಮೀನ್ದಾರ ಮನೆಯಿಂದ ಬಂದ ಕವಿ ಅಷ್ಟು ಮಾಡಿದ್ದು ಸಣ್ಣ ಮಾತಲ್ಲ. ಆದರೂ ಗುತ್ತಿಯ ಕತೆಯನ್ನು ಗುತ್ತಿ ಬರೆದಿಲ್ಲ. ಘಟ್ಟದ ಕೆಳಗಿನಿಂದ ಸೇರೆಗಾರನ ಹಿಂದೆ ಬಂದ ಆಳುಗಳ ಕತೆಯನ್ನು ಆ ಆಳುಗಳು ಬರೆದಿಲ್ಲ. ಅದು ಬಾಕಿ ಇದೆ.

ಬಾಕಿ ಅಂದರೆ ಬರೀ ಹಳೆಯ ಬಾಕಿಯಲ್ಲ. ಇಂದು ಅದೇ ತೋಟಗಳಿಗೆ ಅಸ್ಸಾಮಿನಿಂದ, ಜಾರ್ಖಂಡದಿಂದ ಮಂದಿ ಬರುತ್ತಿದ್ದಾರೆ. ನಮ್ಮ ಸೀಮೆಗೇ ನೋಡಿರಿ. ಕಬ್ಬಿನ ಸುಗ್ಗಿಗೆ ಬೀಡ ಜಿಲ್ಲೆಯಿಂದ ಗಂಡ ಹೆಂಡತಿ ಜೋಡಿಯಾಗಿ ಬರತಾರ, ಕೂಸು ಕಟಗೊಂಡು. ಮೇಸ್ತ್ರಿಯ ಜಾಗಕ್ಕ ಮುಕಾದಮ, ಮುಂಗಡದ ಜಾಗಕ್ಕ ಉಚಲು. ಹೆಸರು ಬದಲಾಗಿದೆ, ಗಂಟು ಅದೇ. ಅವರ ಗುಡಿಸಲು ನಮ್ಮೂರ ಹೊಲದ ಬದುವಿನಲ್ಲೇ ಇರತಾವ. ನಾವು ಎಷ್ಟು ಮಂದಿ ಅಲ್ಲಿಗೆ ಹೋಗಿ ಹೆಸರು ಕೇಳಿದ್ದೇವೆ? ಇಂದು ನಾವು ಕೇಳದಿದ್ದರೆ ನಾಳೆ ಸಕ್ಕರೆ ಕಾರ್ಖಾನೆಯ ಚರಿತ್ರೆಯಲ್ಲಿ ಅಧ್ಯಕ್ಷರ ಭಾವಚಿತ್ರ ಇರುತ್ತದೆ, ಇವರು ಇರುವುದಿಲ್ಲ.

ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಎಂದು ಜನ ಹೇಳುತ್ತಾರೆ. ಬೀಜ ತಂದ ಫಕೀರನನ್ನು ಜನ ನೆನೆದರು, ತೋಟ ಮಾಡಿದ ಸಾಹೇಬ ತನ್ನನ್ನು ತಾನೇ ಬರೆದುಕೊಂಡ, ಗುಂಡಿ ತೋಡಿದವನು ಗುಂಡಿಯಲ್ಲೇ ಉಳಿದ. ಆದರೆ ದುಡಿದವರು ತಾವೇ ಬಾಯಿ ತೆರೆದದ್ದೂ ಚರಿತ್ರೆಯಲ್ಲಿದೆ. ಕೋಲಾರದ ಗಣಿಯ ಮಾರಿಕುಪ್ಪದಲ್ಲಿ 20ನೇ ಶತಮಾನದ ಆರಂಭದಲ್ಲೇ ದಲಿತರು ಬೌದ್ಧ ಸಂಘ ಕಟ್ಟಿದರು. ನಮ್ಮ ಮಗ್ಗುಲಿನ ನಿಪ್ಪಾಣಿಯಲ್ಲಿ 1925ರ ಏಪ್ರಿಲಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಬಹಿಷ್ಕೃತರ ಪರಿಷತ್ತು ನಡೆಯಿತು. ಅವರು ಯಾರ ಜಗುಲಿಯಿಂದಲೂ ಮಾತಾಡಲಿಲ್ಲ.

ಹಳ್ಳಿಯ ಮಾಸ್ತರರೇ, ಕಾಲೇಜಿನ ಗೆಳೆಯರೇ, ಮನೆಯಲ್ಲಿ ಮೊದಲ ಸಲ ಪೆನ್ನು ಹಿಡಿದವರು ನಾವು. ಮುಂಗಡದ ಚೀಟಿ, ಹಾಜರಿ ಪಟ್ಟಿ, ಅಜ್ಜಿಯ ಬಾಯಿಯ ಮಾತು, ಇವೇ ನಮ್ಮ ಗ್ರಂಥಾಲಯ. ಈ ಸುಗ್ಗಿ ಮುಗಿಯೋದರೊಳಗೆ ಒಬ್ಬೊಬ್ಬರು ಒಂದೊಂದು ಗುಡಿಸಲಿಗೆ ಹೋಗೋಣ. ಎಲ್ಲಿಂದ ಬಂದ್ರಿ, ಎಷ್ಟು ಉಚಲು, ಎಷ್ಟು ತೀರಿತು ಅಂತ ಕೇಳೋಣ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯೋಣ.