ಡಿಲೀಟ್ ಆದ ಮೇಲೆ ಉಳಿಯುವುದೆಷ್ಟು?

ಮಲೆನಾಡಿನ ಕಾರ್ಗಲ್ಲಿನಂಥ ಊರಿನಲ್ಲಿ ಮನೆಯ ಆಲ್ಬಮ್ಮೇ ಒಂದು ಚರಿತ್ರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದ ಮೇಲೆ, ಎಷ್ಟೋ ಕುಟುಂಬಗಳಿಗೆ ಹಳೆಯ ಅಂಗಳ, ಗದ್ದೆ ಉಳಿದಿರುವುದು ಫೋಟೋ ಮತ್ತು ಜಮೀನಿನ ಕಾಗದಗಳಲ್ಲಿ. ಅವನ್ನು ಸ್ಕ್ಯಾನ್ ಮಾಡಿ ರೂಟರ್ ಪಕ್ಕದ ನೆಟ್‌ವರ್ಕ್ ಡ್ರೈವಿಗೆ ಹಾಕಿದರೆ ಭದ್ರವಾಯಿತು ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ.

ವಿಂಡೋಸ್ ಕಂಪ್ಯೂಟರಿನಿಂದ ಆ ಡ್ರೈವಿನ ಫೈಲನ್ನು ಡಿಲೀಟ್ ಮಾಡಿದರೆ ಅದು ಕಂಪ್ಯೂಟರಿನ ರಿಸೈಕಲ್ ಬಿನ್ನಿಗೆ ಬರುವುದಿಲ್ಲ. ಡ್ರೈವಿನೊಳಗೇ ಇರುವ ಬೇರೆ ಬಿನ್ನನ್ನು ಮೊದಲೇ ಚಾಲೂ ಮಾಡಿರಬೇಕು. ಎರಡು ಡಿಸ್ಕ್‌ಗಳಲ್ಲೂ ಒಂದೇ ಪ್ರತಿ ಬರೆಯುವ ರೇಡ್ ಇದೆಯಲ್ಲ ಎನ್ನುವವರಿದ್ದಾರೆ. ರೇಡ್ ಕಾಯುವುದು ಡಿಸ್ಕ್ ಕೆಟ್ಟಾಗ ಮಾತ್ರ. ನಮ್ಮ ಕೈತಪ್ಪು ಅದೇ ಕ್ಷಣ ಎರಡೂ ಡಿಸ್ಕಿನಲ್ಲಿ ನಡೆದುಹೋಗಿರುತ್ತದೆ.

ಹಾಗೆಂದು ಎಲ್ಲವೂ ಹೋದಂತಲ್ಲ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಎಂದರೆ ಫೈಲಿದ್ದ ಜಾಗ ಖಾಲಿಯೆಂದು ಗುರುತು ಹಾಕುವುದಷ್ಟೇ. 1948ರ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಮಡೆನೂರಿನಲ್ಲಿ ಮತ್ತೆ ಕಾಣುವಂತೆ, ಅಳಿಸಿದ್ದೂ ಕೆಳಗೆ ಉಳಿದಿರುತ್ತದೆ. ಆದರೆ ಅದರ ಮೇಲೆ ಹೊಸ ಫೈಲ್ ಬಂದು ಕೂತರೆ ಮುಗಿಯಿತು. ಆದ್ದರಿಂದ ತಪ್ಪು ಗೊತ್ತಾದ ಕೂಡಲೇ ಫೋನುಗಳಿಂದ ತಾನಾಗಿ ಫೋಟೋ ಬರುವುದನ್ನು ನಿಲ್ಲಿಸಿ, ಡ್ರೈವನ್ನು ಕ್ರಮವಾಗಿ ಶಟ್‌ಡೌನ್ ಮಾಡಬೇಕು. ಆಮೇಲೆ ಡಿಸ್ಕನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಅದರ ಪೂರ್ತಿ ಪ್ರತಿ ತೆಗೆದು, ಹುಡುಕಾಟವನ್ನು ಆ ಪ್ರತಿಯ ಮೇಲೆ ನಡೆಸಬೇಕು. ಎಸ್‌ಎಸ್‌ಡಿಯಲ್ಲಿ ಖಾಲಿಯಾದ ಜಾಗವನ್ನು ಒರೆಸಿಬಿಡುವ ಟ್ರಿಮ್ ನಡೆದಿದ್ದರೆ ಆಸೆ ಇಟ್ಟುಕೊಳ್ಳದಿರುವುದೇ ಲೇಸು.

ಉಚಿತವಾಗಿ ಸಿಗುವ ಫೋಟೋರೆಕ್ ಈ ಕೆಲಸದಲ್ಲಿ ಗೌರವಕ್ಕೆ ಅರ್ಹವಾದ ತಂತ್ರಾಂಶ. ಜೆಪೆಗ್ ಚಿತ್ರಗಳ ಆರಂಭದ ಗುರುತು ಹಿಡಿದು ಅವನ್ನು ಹೆಕ್ಕಿ ತರುತ್ತದೆ. ಚೂರುಚೂರಾಗಿ ಹರಡಿದ ದೊಡ್ಡ ವಿಡಿಯೋಗಳಲ್ಲಿ ಸೋಲುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಬೇರೆ. ಈ ಡ್ರೈವುಗಳಲ್ಲಿ ಹೆಚ್ಚಾಗಿರುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ, ಡಿಲೀಟ್ ಮಾಡುವಾಗ ಫೈಲ್ ಎಲ್ಲೆಲ್ಲಿ ಕೂತಿತ್ತೆಂಬ ಲೆಕ್ಕವನ್ನೂ ಅಳಿಸುತ್ತದೆ. ಹೀಗೆ ಹೆಕ್ಕಿದ ಚಿತ್ರಕ್ಕೆ ಹಳೆಯ ಹೆಸರಿಲ್ಲ, ಫೋಲ್ಡರಿಲ್ಲ. ಬರೀ ಒಂದು ನಂಬರು. ಮುಳುಗಿದ ಮನೆಯ ಸ್ಕ್ಯಾನಿಗೆ ಊರು, ಇಸವಿ, ನಿಂತವರ ಹೆಸರು ಬರೆದಿದ್ದು ಫೈಲಿನ ಹೆಸರಿನಲ್ಲೇ. ಅದು ಹೋದರೆ ಮೊಮ್ಮಕ್ಕಳ ಕೈಗೆ ಸಿಗುವುದು ಯಾರದೋ ಅಂಗಳದ ಯಾರದೋ ಚಿತ್ರ. ಇದನ್ನು ಪೂರ್ತಿ ಮರಳಿ ಪಡೆದದ್ದೆನ್ನಲು ನನಗೆ ಮನಸ್ಸಿಲ್ಲ.

ಹೆಸರು, ಫೋಲ್ಡರ್, ತಾರೀಖು ಸಮೇತ ಮರಳಿಸುವುದು ಡ್ರೈವಿನ ಆಯಾ ಹೊತ್ತಿನ ಸ್ಥಿತಿಯನ್ನು ಮೊದಲೇ ಹಿಡಿದಿಟ್ಟ ಸ್ನ್ಯಾಪ್‌ಶಾಟ್. ಬಿಟಿಆರ್‌ಎಫ್‌ಎಸ್ ಅಥವಾ ಜಡ್‌ಎಫ್‌ಎಸ್ ಫೈಲ್ ವ್ಯವಸ್ಥೆ ಇರುವ ಡ್ರೈವುಗಳಲ್ಲಿ ಇದು ಲಭ್ಯ. ಕೊಳ್ಳುವಾಗ ಡಿಸ್ಕ್ ಎಷ್ಟು ಟೆರಾಬೈಟ್ ಎಂದು ಕೇಳುವ ಮುಂಚೆ ಇದಿದೆಯೇ ಎಂದು ಕೇಳಬೇಕು. ಆದರೆ ಸ್ನ್ಯಾಪ್‌ಶಾಟ್ ಇರುವುದೂ ಅದೇ ಪೆಟ್ಟಿಗೆಯಲ್ಲಿ. ಮಲೆನಾಡಿನ ಒಂದು ಸಿಡಿಲು ಡ್ರೈವನ್ನೇ ಸುಟ್ಟರೆ ಅದೂ ಇಲ್ಲ. ಇನ್ನೊಂದು ಪ್ರತಿಯನ್ನು ಯುಎಸ್‌ಬಿ ಡಿಸ್ಕಿಗೆ ತೆಗೆದು, ವೈರು ಕಳಚಿ, ಬೇರೆ ಮನೆಯಲ್ಲಿಡಿ. ಫೋಟೋಗಳ ವಿವರವನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆಯಿರಿ, ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ.